ಸ್ಟ್ಯಾನಿಯ ಪಾಲಿನ ಹೊಸ ಅಕ್ಕಿ

ಪ್ರಾರ್ಥಿಸಿ ಕಾಯುವವರು ಕೈಕಟ್ಟಿ ಕುಳಿತವರು ಎನ್ನುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನೂ ಹಾಗೆಯೇ ವಾದಿಸಿ ಗೆದ್ದಿದ್ದೆ. ಹಾಗಾದರೆ ಲಿಲ್ಲಿಬಾಯಿ ಮಂಡಿನೋವಿನಲ್ಲೂ ಬಸ್ಸು ಹತ್ತಿ ಪುತ್ತಿಗೆಗೆ ಹೊರಡುವುದಕ್ಕೆ ಏನೆನ್ನಬೇಕು?

ಲಿಲ್ಲಿಬಾಯಿ ಅಮ್ಮನ ಗೆಳತಿ, ಬೆಳ್ತಂಗಡಿಯವರು. ಜೊತೆಗೆ ಹೋಗು ಎಂದು ಅಮ್ಮ ಹೇಳಿದ್ದರಿಂದ ಬೆಳಿಗ್ಗೆ ಏಳಕ್ಕೆ ಬಂಟ್ವಾಳ ಬಿಟ್ಟೆ. ಸೆಪ್ಟೆಂಬರಿನ ಹನಿಮಳೆ, ಬೆಳ್ತಂಗಡಿಯವರೆಗೆ ನಿಂತೇ ಪ್ರಯಾಣ. ಹಿಂದಿನ ದಿನ ಕೊಂಕಣಿ ಕ್ರೈಸ್ತರಾದ ಅವರ ತೆನೆಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಕಾಳನ್ನು ಮನೆಯವರೆಲ್ಲ ತಿನ್ನಬೇಕು. ಊರಲ್ಲಿಲ್ಲದವರ ಪಾಲನ್ನು ಲಕೋಟೆಯಲ್ಲಿ ಕಳಿಸುತ್ತಾರೆ. ಪುತ್ತಿಗೆಯಲ್ಲಿರುವ ತಮ್ಮನಾದ ಸ್ಟ್ಯಾನಿಯ ಪಾಲನ್ನು ಮಾತ್ರ ಲಿಲ್ಲಿಬಾಯಿ ಪ್ರತಿ ವರ್ಷ ಹಬ್ಬದ ಮರುದಿನ ತಾವೇ ಒಯ್ಯುತ್ತಾರೆ.

ವೇಣೂರು ದಾಟುವಾಗ ಕಾರಣ ಹೇಳಿದರು. ತಾಯಿ ಹಾಸಿಗೆ ಹಿಡಿದಾಗ ಸ್ಟ್ಯಾನಿ ಕುವೈತಿನಲ್ಲಿದ್ದ. ಅವನ ಕೆಲಸಕ್ಕೆ ತೊಂದರೆ ಬೇಡವೆಂದು ಇವರು "ಸ್ವಲ್ಪ ಜ್ವರ" ಎಂದಷ್ಟೇ ತಿಳಿಸಿದರು. ಅವನು ಬಂದಿಳಿದಾಗ ತಾಯಿಯನ್ನು ಮಣ್ಣು ಮಾಡಿ ಆಗಿತ್ತು. ಅಂದಿನಿಂದ ಏಳು ವರ್ಷ ಮಾತಿಲ್ಲ.

"ಏಳು ವರ್ಷ ಉತ್ತರ ಬಾರದಿದ್ದರೆ, ಇಲ್ಲ ಅಂತಲೇ ಉತ್ತರ ಅಲ್ವಾ ಬಾಯಿ?"

"ನಿನಗೆ ವಕೀಲರ ಕರಿಕೋಟು ಒಂದು ಬಾಕಿ, ಮಾರಾಯ. ಬಾಗಿಲು ತಟ್ಟುವುದು ನನ್ನ ಕೆಲಸ. ಅವನ ಮನಸ್ಸು ತೆರೆಯುವುದು ದೇವರ ಕೆಲಸ. ಅದಕ್ಕೆ ನಾನು ಅವಸರ ಮಾಡ್ಲಿಕ್ಕೆ ಉಂಟಾ?"

"ದೇವರು ಕೇಳದಿದ್ದರೆ?"

"ನಿನ್ನ ಭಾಷಣವನ್ನೇ ಸಹಿಸ್ತಾನೆ. ನನ್ನ ಎರಡು ಮಾತು ಕೇಳದೆ ಇರ್ತಾನಾ?"

ಮೂಡುಬಿದಿರೆಯಲ್ಲಿ ಇಳಿದು ಚಹಾ ಕುಡಿದು ಬನ್ಸ್ ತಿಂದೆವು. ವಾಪಸು ಎರಡು ಗಂಟೆಯ ಬಸ್ಸಿಗೆ ಹೋಗುವ ಎಂದೆ.

"ಬೇಡ, ನಾಲ್ಕರದ್ದು. ಅವನು ಒಳಗೆ ಕರೆದರೆ ಊಟ ಮಾಡದೆ ಬರ್ಲಿಕ್ಕೆ ಆಗ್ತದಾ?"

ಏಳು ಸಲ ಹಸಿದು ಮರಳಿದವರು ಎಂಟನೆಯ ಸಲವೂ ಊಟಕ್ಕೆ ಸಮಯ ಇಟ್ಟುಕೊಂಡಿದ್ದರು.

ಪುತ್ತಿಗೆಯ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಫ್ಯಾನು ತಿರುಗುವ ಸದ್ದು. ಲಿಲ್ಲಿಬಾಯಿ ತಟ್ಟಿದರು. "ಸ್ಟ್ಯಾನಿ, ಹೊಸ ಅಕ್ಕಿ ತಂದಿದ್ದೇನೆ. ತಪ್ಪು ನನ್ನದೇ," ಎಂದು ಕೊಂಕಣಿಯಲ್ಲಿ ಹೇಳಿ, ಲಕೋಟೆಯನ್ನು ಕಿಟಕಿಯಲ್ಲಿಟ್ಟು, ಜಪಮಾಲೆ ಹಿಡಿದು ಜಗಲಿಯಲ್ಲಿ ಕುಳಿತರು. ಒಂದು ಗಂಟೆಯಾಯಿತು, ಎರಡಾಯಿತು.

ನೀರು ಕೇಳಲು ಪಕ್ಕದ ಮನೆಗೆ ಹೋದೆ. ಅಲ್ಲಿನ ಹೆಂಗಸು ತಗ್ಗಿದ ದನಿಯಲ್ಲಿ, "ಸ್ಟ್ಯಾನಿಯವರು ವೆಲ್ಡಿಂಗ್ ಶಾಪಿಗೆ ಜ್ವರ ಬಂದರೂ ರಜೆ ಮಾಡುವವರಲ್ಲ. ಈ ಹಬ್ಬದ ಮರುದಿನ ಮಾತ್ರ ಪ್ರತಿ ವರ್ಷ ಮನೆಯಲ್ಲೇ ಇರ್ತಾರೆ," ಎಂದರು.

ಮೂರೂವರೆಗೆ ಲಿಲ್ಲಿಬಾಯಿ ಮಂಡಿ ಹಿಡಿದು ಎದ್ದರು. ಅವರನ್ನು ಗೇಟು ದಾಟಿಸಿ ನಾನು ಹಿಂದಿರುಗಿದೆ. ಮುಚ್ಚಿದ ಬಾಗಿಲಿಗೆ ಹತ್ತಿರ ನಿಂತು ಕೇಳಿದೆ:

"ಸ್ಟ್ಯಾನಿಯಣ್ಣ, ಅಕ್ಕ ಬರುವುದು ಬೇಡವಾದರೆ ಈ ಒಂದು ದಿನ ನೀವು ಮನೆಯಲ್ಲಿ ಯಾಕೆ ಇರ್ತೀರಿ?"