ಇಬ್ಬರು ಬೀಗರು, ಒಂದು ಹೊಸ ಫೋನು

ಇದನ್ನು ಬರೆಯಲು ಎಷ್ಟು ಸಲ ಕೂತಿದ್ದೇನೋ ಅಷ್ಟೇ ಸಲ ಎದ್ದಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ ಅಂದೆ, ಒಮ್ಮೆ ಪೆನ್ನು ಸರಿಯಿಲ್ಲ ಅಂದೆ, ಆಮೇಲೆ ಬಿಸಿಲು ಅಂದೆ. ವಿಜಯಪುರದ ಬಿಸಿಲಿನ ಮೇಲೆ ತಪ್ಪು ಹೊರಿಸುವುದು ಸಲೀಸು. ಅದು ತಿರುಗಿ ಮಾತಾಡುವುದಿಲ್ಲ.

ಆದದ್ದು ಇಷ್ಟೇ. ನಾನು ಒಂದು ಕಂಪನಿಯ ಫೋನು ಬಿಟ್ಟು ಇನ್ನೊಂದು ಕಂಪನಿಯದು ತಗೊಂಡೆ. ಇದರಲ್ಲಿ ಪಶ್ಚಾತ್ತಾಪ ಪಡುವಂಥದ್ದೇನಿದೆ ಎಂದು ಓದುವವರಿಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು.

ಪೈಪು, ಮೋಟಾರು ಮಾರುವ ನಮ್ಮ ಅಂಗಡಿಯನ್ನು ಮಗನಿಗೆ ಬಿಟ್ಟ ಮೇಲೆ ನನಗೆ ಉಳಿದ ಕೆಲಸ ಎರಡೇ. ಮುಂಜಾನೆ ಗುಮ್ಮಟದ ಕಡೆ ತಿರುಗಾಡಿ ಬರುವುದು, ಬಂದು ಚಹಾದಂಗಡಿ ಮುಂದೆ ಕೂತು ನನ್ನ ಫೋನಿನ ಕಂಪನಿಯನ್ನು ಹೊಗಳುವುದು. ಆ ಕಂಪನಿ ನನಗೇನೂ ಪಗಾರ ಕೊಡುತ್ತಿರಲಿಲ್ಲ. ಆದರೂ ಅದರ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ನನ್ನ ಮನೆತನಕ್ಕೆ ಅಂದಷ್ಟು ಸಿಟ್ಟು ಬರುತ್ತಿತ್ತು. ಬೇರೆ ಕಂಪನಿ ಫೋನು ಕೊಳ್ಳುವುದೆಂದರೆ ಎತ್ತು ಬಿಟ್ಟು ಕತ್ತೆ ಹೂಡಿದ ಹಾಗೆ ಎಂದು ಹತ್ತು ಜನರ ಮುಂದೆ ಹೇಳಿದವನು ನಾನು.

ಒಂದು ದಿನ ಅಲ್ಲಿಯ ಗೆಳೆಯನೊಬ್ಬ ತನ್ನ ಫೋನಿನಲ್ಲಿ ನಮ್ಮೆಲ್ಲರ ಫೋಟೊ ತೆಗೆದ. ಅದರಲ್ಲಿ ನನ್ನ ಜಾಗದಲ್ಲಿ ಸುಕ್ಕಿಲ್ಲದ, ನುಣುಪು ಕೆನ್ನೆಯ ಒಬ್ಬ ಗಂಡಸು ಕೂತಿದ್ದ.

"ಇವ ಯಾವನೋ?" ಎಂದೆ.

"ನೀನ ಲೇ! ನಿನ್ನ ಫೋನ್ ಖರೇ ತೋರಸ್ತೈತಿ, ನನ್ನ ಫೋನ್ ಮರ್ಯಾದಿ ಉಳಸ್ತೈತಿ."

ಆ ವಾರವೇ ನಾನು ಕತ್ತೆ ಹೂಡಿದೆ.

ಹೆಂಡತಿ ತೀರಿಕೊಂಡ ಮೇಲೆ ನನ್ನ ಫೋನಿನ ಕಷ್ಟವನ್ನೆಲ್ಲ ನೋಡಿಕೊಳ್ಳುವವಳು ಸೊಸೆ. ಹಳೆಯದರಲ್ಲಿದ್ದ ನಂಬರುಗಳನ್ನು ಹೊಸದಕ್ಕೆ ಹಾಕಿಕೊಡಲು ಅವಳೇ ಕೂತಳು. ಇಲ್ಲಿ ನನ್ನ ಬೀಗರ ವಿಷಯ ಹೇಳಬೇಕು. ನನಗೆ ಬೀಗರು ಇಬ್ಬರು. ತಿಕೋಟಾದವರು ಈ ಸೊಸೆಯ ತಂದೆ, ದ್ರಾಕ್ಷಿ ತೋಟದವರು. ನನಗೆ ಗೆಳೆಯರ ಹಾಗೆ, ಮನಸ್ಸಿಗೆ ತಾಗಿದ್ದನ್ನು ಅವರಿಗೆ ಹೇಳದಿದ್ದರೆ ನನಗೆ ಉಂಡದ್ದು ಇಳಿಯುತ್ತಿರಲಿಲ್ಲ. ಬಬಲೇಶ್ವರದವರು ನನ್ನ ಮಗಳ ಮಾವ. ಅವರೊಡನೆ ನಮಸ್ಕಾರ, ಆರಾಮ ಅಷ್ಟೇ. ನಮ್ಮಲ್ಲಿ ಬೀಗರನ್ನು ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ಆ ಮರ್ಯಾದೆಯನ್ನು ನಾನು ಫೋನಿನೊಳಗೂ ಪಾಲಿಸಿದ್ದೆ. ಇಬ್ಬರದೂ ಬರೀ 'ಬೀಗರು' ಅಂತಲೇ ಇತ್ತು. ಮೇಲಿನ ಬೀಗರು ತಿಕೋಟಾ, ಕೆಳಗಿನ ಬೀಗರು ಬಬಲೇಶ್ವರ. ನನಗೆ ಗೊತ್ತಿದ್ದರೆ ಸಾಕಲ್ಲ.

"ಮಾವಾರ, ಇಲ್ಲಿ ಇಬ್ರು ಬೀಗರು ಅದಾರ್ರಿ. ಮುಂದ ಊರಿನ ಹೆಸರು ಹಚ್ಚಲೇನ್ರಿ?" ಎಂದಳು ಸೊಸೆ.

"ಬ್ಯಾಡವ್ವಾ. ಬೀಗರಿಗೆ ಊರ ಹೆಸರು ಹಚ್ಚಿದ್ರ ಬಸ್ಸಿನ ಬೋರ್ಡ್ ಆಗ್ತಾರ."

"ಹೊಸಾ ಫೋನಿನ್ಯಾಗ ಮ್ಯಾಲಿನವ್ರು ಕೆಳಗ ಆದ್ರ?"

"ನಾ ಏನ್ ಕುರುಡ ಅದೀನೇನು?"

ಅವಳು ನಕ್ಕು, ಇಬ್ಬರನ್ನೂ ಬರೀ 'ಬೀಗರು' ಎಂದೇ ಹಾಕಿಕೊಟ್ಟಳು.

ಕೆಲವು ದಿನಗಳ ಮೇಲೆ ಬಬಲೇಶ್ವರದಲ್ಲಿ ಮಗಳ ಮಗನ ಜವಳ ಆಯಿತು. ಮೊಮ್ಮಗನ ಮೊದಲ ಕೂದಲು ತೆಗೆಸುವ ಕಾರ್ಯ, ಹೋಳಿಗೆ ಊಟ. ಅಲ್ಲಿಯ ಬೀಗರು ಕೈ ಬಿಗಿಯ ಮನುಷ್ಯ. ಪಂಕ್ತಿಯಲ್ಲಿ ತುಪ್ಪವನ್ನು ಮಾತ್ರ ಬೇರೆ ಯಾರ ಕೈಗೂ ಕೊಡದೆ ತಾವೇ ನೀಡುತ್ತ ಬಂದರು, ನನ್ನ ಹೋಳಿಗೆಯ ಮೇಲೆ ಎರಡು ಹನಿ ಬಿದ್ದಿರಬಹುದು. ಅದು ನನ್ನ ಹೊಟ್ಟೆಯಲ್ಲಿ ಎರಡು ದಿನ ಕುದಿಯಿತು. ಮೂರನೆಯ ದಿನ ಅಂಗಳದಲ್ಲಿ ಕೂತು, ಮೇಲಿದ್ದ ಬೀಗರನ್ನು ಒತ್ತಿ, ಜವಳಕ್ಕೆ ಬಾರದಿದ್ದ ತಿಕೋಟಾದವರಿಗೆಂದು ಹೊಸ ಫೋನಿನ ಮೊದಲ ವಾಯ್ಸ್ ಮೆಸೇಜ್ ಹೇಳತೊಡಗಿದೆ. ಸೊಸೆ ಪಕ್ಕದಲ್ಲೇ ಜೋಳ ಹಸನು ಮಾಡುತ್ತಿದ್ದಳು.

"ಬೀಗರ, ತುಪ್ಪಾ ನೀಡುವಾಗ ನಮ್ಮ ಬೀಗರ ಕೈ ನೋಡೀರೇನ್ರಿ? ಏನ್ ನಡುಗತೈತ್ರಿ ಯಪ್ಪಾ! ಚಮಚಾ ತುಂಬಿ ಹೊಂಡತೈತಿ, ಎಲಿ ಮುಟ್ಟೂದ್ರಾಗ ಬರೇ ವಾಸನಿ ಉಳಿತೈತಿ!"

ಸೊಸೆಯೂ ಸೆರಗಿನಲ್ಲಿ ನಕ್ಕಳು. ನನ್ನ ಮಾತಿಗೆ ನಾನೇ ಮೆಚ್ಚಿ, ಕಳಿಸಿದ ಮೇಲೆ ಇನ್ನೊಮ್ಮೆ ಹಚ್ಚಿ ಕೇಳಿದೆ. ಅಷ್ಟರಲ್ಲಿ ಫೋನು ರಿಂಗಾಯಿತು. ಬಬಲೇಶ್ವರದವರ ದನಿ.

"ಬೀಗರ, ಈಗ ಕಳಿಸೀರಲ್ಲ, ಇದು ಯಾವ ಬೀಗರ ಮಾತ್ರಿ?"

ಹೊಸ ಫೋನು ಕೆಳಗಿನವರನ್ನು ಮೇಲೆ ಕೂಡ್ರಿಸಿತ್ತು. ನನ್ನ ಮಗಳು ಆ ಮನೆಯಲ್ಲಿ ಅದೇ ಹೊತ್ತಿಗೆ ಅವರಿಗೆ ಚಹಾ ಕಾಯಿಸುತ್ತಿರಬಹುದು ಎಂಬುದು ಕಣ್ಣ ಮುಂದೆ ಬಂತು. ಆದರೆ ಅವರು ಬೈದಿರಲಿಲ್ಲ, ಕೇಳಿದ್ದರು. ಕೇಳಿದ್ದರಿಂದಲೇ ನನಗೊಂದು ಬಾಗಿಲು ಕಂಡಿತು.

"ಏ, ನಿಮ್ಮದಲ್ಲ ಬಿಡ್ರಿ! ತಿಕೋಟಾ ಬೀಗರದು. ಅವರ ಕೈ ನೀವೂ ನೋಡೀರಲ್ಲ."

ಫೋನಿನಲ್ಲಿ ಹಚ್ಚಲೊಲ್ಲೆನೆಂದ ಊರ ಹೆಸರನ್ನು ಬಾಯಲ್ಲಿ ಎಷ್ಟು ಸಲೀಸಾಗಿ ಹಚ್ಚಿದೆ! ಅವರು ನಂಬಿದರು. ನಂಬದೇ ಏನು? ತಿಕೋಟಾದವರ ಬಲಗೈ ನಿಜವಾಗಿಯೂ ನಡುಗುತ್ತದೆ. ಅದು ಕಾಯಿಲೆ. ನಮ್ಮ ಮನೆಗೆ ಬಂದರೆ ಚೆಲ್ಲಬಾರದೆಂದು ಸೊಸೆ ಅವರ ಕಪ್ಪಿಗೆ ಅರ್ಧವೇ ಚಹಾ ಹಾಕುತ್ತಾಳೆ. ಜಿಪುಣನಿಗೆಂದು ನಾನು ಹೊಲಿದ ಅಂಗಿ ರೋಗಿಯ ಮೈಗೆ ಒಂದೆಳೆ ಹೆಚ್ಚುಕಡಿಮೆಯಿಲ್ಲದೆ ಕೂತಿತು.

ಫೋನು ಇಟ್ಟು ನೋಡಿದರೆ ಸೊಸೆಯ ಕೈಯಲ್ಲಿ ಮೊರ ನಿಂತಿತ್ತು. ಅವಳು ಜೋಳ ಎತ್ತಿಕೊಂಡು ಒಳಗೆ ಹೋದಳು. ನಾನು ಅಂಗಳದಲ್ಲೇ ಉಳಿದೆ. ಹೊಸ ಫೋನಿನಲ್ಲಿ ನನ್ನದೊಂದು ಫೋಟೊ ತೆಗೆದುಕೊಂಡೆ. ಆ ಗಳಿಗೆಯಲ್ಲೂ ಚೆನ್ನಾಗಿಯೇ ಬಂದಿತು.

ಮುಂದೆ ಯಾವುದೋ ಮದುವೆಯಲ್ಲಿ ಬೀಗರಿಬ್ಬರೂ ಅಕ್ಕಪಕ್ಕ ಕೂತರು. ಬಬಲೇಶ್ವರದವರು ಕನಿಕರದಿಂದಲೋ ಖುಷಿಯಿಂದಲೋ ಆ ತುಪ್ಪದ ಮಾತು ಮುಟ್ಟಿಸಿದರು. ತಿಕೋಟಾದವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಫೋನು ಮಾಡಿದರೆ "ಹೂಂ, ಹೂಂ" ಅಂದು ಇಡುತ್ತಿದ್ದರು. ನಾಗರಪಂಚಮಿ ಬಂತು. ಪ್ರತಿ ವರ್ಷ ತಾವೇ ಬಂದು ಮಗಳನ್ನು ತವರಿಗೆ ಕರೆದೊಯ್ಯುವವರು ಆ ವರ್ಷ ಬರಲಿಲ್ಲ. ಸೊಸೆ ತವರಿಗೆ ಒಯ್ಯಲು ಉಂಡಿ ಕಟ್ಟಿ ಡಬ್ಬಿಗೆ ತುಂಬಿಟ್ಟಿದ್ದಳು.

"ನಿಮ್ಮಪ್ಪ ಯಾಕ ಬರ್ಲಿಲ್ಲ?" ಎಂದು ನನ್ನ ಮಗ ಕೇಳಿದ.

"ತ್ವಾಟದಾಗ ಕೆಲಸ ಇರಬೇಕು" ಎಂದಳು.

ಶ್ರಾವಣದಲ್ಲಿ ದ್ರಾಕ್ಷಿ ತೋಟದಲ್ಲಿ ಅಂಥ ಕೆಲಸ ಇರುವುದಿಲ್ಲವೆಂದು ಆ ಕಡೆಯವರಿಗೆಲ್ಲ ಪೈಪು ಮಾರಿದ ನನಗೆ ಗೊತ್ತು. ಅವಳಿಗೂ ಗೊತ್ತು. ಹಬ್ಬದ ಊಟ ನನಗೆ ಸೇರಲಿಲ್ಲ. ಮರುದಿನ ಯಾರಿಗೂ ಹೇಳದೆ ತಿಕೋಟಾದ ಬಸ್ಸು ಹತ್ತಿದೆ.

ಬೀಗರು ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡದ್ದೇ ಬಲಗೈಯನ್ನು ಟವೆಲ್ಲಿನೊಳಗೆ ಸೇರಿಸಿಕೊಂಡರು. ಅದನ್ನು ನೋಡಿದ ಮೇಲೆ ನನಗೆ ಪೀಠಿಕೆ ಹಾಕಲು ಆಗಲಿಲ್ಲ. ಇದ್ದದ್ದೆಲ್ಲ ಹೇಳಿ ಕೈ ಮುಗಿದೆ.

ಅವರು ಕೇಳಿದರು: "ಅಂದ್ರ ಎರಡ ಹನಿ ಹಾಕಿದ್ರೇನ್ರಿ, ಆ ಮನಷ್ಯಾ?"

"ಎರಡ."

"ಕೈ ನಡುಗೂ ನಾನ ಅವರಕಿಂತ ಹೆಚ್ಚ ಹಾಕ್ತೀನಲ್ರಿ! ಅರ್ಧಾ ನೆಲಕ್ಕ ಬಿದ್ರೂ ಅರ್ಧಾ ಎಲಿಗೆ ಬೀಳತೈತಿ."

ನಾನು ನಕ್ಕೆ. ಅವರು ನಗಲಿಲ್ಲ.

"ಮಗಳು ನನಗ ಹೇಳಿದ್ಲು, ಬೀಗರ. 'ಅಪ್ಪಾ, ಅದು ನಿನಗಂದ ಮಾತಲ್ಲ' ಅಂತ. 'ಮತ್ಯಾರಿಗೆ?' ಅಂದೆ. ಬಾಯಿ ಬಿಡಲಿಲ್ಲ. ಮಾವನ ಪರ ವಹಿಸಿ ಸುಳ್ಳ ಹೇಳಾಕತ್ತಾಳ ಅಂತ ಆಕಿ ಮ್ಯಾಲ ಸಿಟ್ಟಾದೆ. ಪಂಚಮಿಗೆ ಕರಿಯಾಕ ಬರದಿದ್ದದ್ದು ನಿಮ್ಮ ಸಲುವಾಗಿ ಅಲ್ಲ, ಆಕಿ ಸಲುವಾಗಿ."

ಯಾರಿಗೆ ಅಂದದ್ದೆಂದು ಅವಳು ಹೇಳಿದ್ದರೆ ಮಾತು ಬಬಲೇಶ್ವರಕ್ಕೆ ಮುಟ್ಟಿ, ಅಲ್ಲಿ ನನ್ನ ಮಗಳು ತಲೆ ತಗ್ಗಿಸಬೇಕಾಗುತ್ತಿತ್ತು. ನಾದಿನಿಯ ಮಾನ ಉಳಿಸಲು ತಂದೆಯ ಸಿಟ್ಟನ್ನು ಹೊತ್ತುಕೊಂಡಿದ್ದಳು. ನಾನು ಹಗುರಾಗಲು ಹೋದವನು ಇಮ್ಮಡಿ ಭಾರ ಹೊತ್ತು ಎದ್ದೆ. ಬೀಗರು ನನ್ನ ಜೊತೆಗೇ ಬಸ್ಸು ಹತ್ತಿ ಬಂದು ಮಗಳನ್ನು ಕರೆದೊಯ್ದರು. ಹಬ್ಬ ಮುಗಿದಿತ್ತು, ಆದರೂ ಹೋದಳು.

ಬಬಲೇಶ್ವರಕ್ಕೂ ಹೋಗಿ ಒಪ್ಪಿಕೊಂಡೆ. ಅಲ್ಲಿಯ ಬೀಗರು ಒಳಗೆ ಹೋಗಿ ತುಪ್ಪದ ಡಬ್ಬಿ ತಂದು, ನನ್ನ ತಾಟಿನಲ್ಲಿ ಅನ್ನ ತೇಲುವಷ್ಟು ಸುರಿದು, "ಉಣ್ರಿ ಬೀಗರ" ಎಂದು ಎದುರಿಗೆ ಕೂತರು. ಕೊನೆಯ ಅಗುಳಿನವರೆಗೂ ಎದ್ದುಹೋಗಲಿಲ್ಲ. ನೀರು ಕೊಡಲು ಬಂದ ಮಗಳು ಬಗ್ಗಿ ಮೆಲ್ಲಗೆ ಅಂದಳು: "ಫೋನ್ ಬದ್ಲಿ ಮಾಡೂ ಬದ್ಲಿ ಬಾಯಿ ಬದ್ಲಿ ಮಾಡಬೇಕಿತ್ತಪಾ ನೀ." ಎರಡು ದಿನ ನನ್ನ ಹೊಟ್ಟೆ ಕೆಟ್ಟಿತ್ತು. ಅದನ್ನು ನಾನು ನ್ಯಾಯವೆಂದೇ ತಿಳಿದೆ.

ಈಗ ಬೀಗರಿಬ್ಬರೂ ಬಂದು ಹೋಗುತ್ತಾರೆ. ಹೊರಗಿನವರಿಗೆ ಎಲ್ಲ ಸರಿಯಾಗಿದೆ. ನಾನು ಮಾತ್ರ ಮನೆಯಲ್ಲಿ ದಿನಕ್ಕೊಮ್ಮೆ "ಯವ್ವಾ" ಎಂದು ಕರೆಯುತ್ತೇನೆ. "ಏನ್ರಿ ಮಾವಾರ?" ಎಂದು ಕೈ ಒರೆಸಿಕೊಳ್ಳುತ್ತ ಅವಳು ಬಂದು ನಿಲ್ಲುತ್ತಾಳೆ. "ಚಾರ್ಜರ್ ಎಲ್ಲೈತವ್ವಾ?" ಅನ್ನುತ್ತೇನೆ. ಅದು ನನ್ನ ಕೈಯಲ್ಲೇ ಇರುತ್ತದೆ. ಅವಳು ಅದನ್ನು ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, "ಅಲ್ಲೇ ಐತಲ್ರಿ" ಎಂದು ಒಳಗೆ ಹೋಗುತ್ತಾಳೆ.

ಮಾವನಾದವನು ಕ್ಷಮೆ ಹೇಗೆ ಕೇಳಬೇಕೆಂದು ನನಗೆ ಯಾರೂ ಕಲಿಸಲಿಲ್ಲ ಎಂಬುದು ಬಿಸಿಲಿನಂಥದೇ ನೆವ. ಬೀಗರೆದುರು ಮುಗಿದ ಕೈ ಅವಳೆದುರು ಮೇಲೇಳುವುದಿಲ್ಲ. ತಪ್ಪಾಯಿತು ಎಂದು ನಾನು ಇವತ್ತಿನವರೆಗೂ ಹೇಳದೆ ಉಳಿದಿರುವುದು ಒಬ್ಬಳಿಗೇ, ನನ್ನ ಸೊಸೆಗೆ.