ಗಿರಿಜಳಿಗೆ ಸಾಕು ಅಂದದ್ದು

ಗಾಳಿ, ದೆವ್ವ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಸತ್ತವರ ಬಳೆ ಸದ್ದು ಕೇಳಿತೆಂದು ಯಾರಾದರೂ ಅಂದರೆ, ಬೆಕ್ಕು ಪಾತ್ರೆ ಎಳೆದಿರಬೇಕು ಹೋಗಿ ನೋಡಿ ಅನ್ನುತ್ತಿದ್ದೆ. ಈಗಲೂ ದೆವ್ವ ಕಂಡೆ ಅಂತ ಹೇಳಲಿಕ್ಕೆ ಬರೆಯುತ್ತಿಲ್ಲ. ಇದು ನಡೆದದ್ದು ಹಾಡುಹಗಲು, ಹಗರಿಬೊಮ್ಮನಹಳ್ಳಿಯ ನನ್ನ ತಂಗಿಯ ಮನೆಯಲ್ಲಿ, ಓದಿದ ಡಾಕ್ಟರೊಬ್ಬರ ಎದುರಿಗೆ.

ತಂಗಿ ಗಿರಿಜಾ ಬೈಕಿನ ಮೇಲಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವಳು ಮತ್ತೆ ಮೊದಲಿನಂತಾಗಲಿಲ್ಲ. ಎಚ್ಚರವೇ ಇಲ್ಲ ಅನ್ನುವಂತೆಯೂ ಇಲ್ಲ. ಬೆಳಿಗ್ಗೆ ಕಣ್ಣು ಬಿಡುತ್ತಾಳೆ, ರಾತ್ರಿ ಮುಚ್ಚುತ್ತಾಳೆ. ಆದರೆ ಆ ಕಣ್ಣು ಯಾರನ್ನೂ ಹಿಂಬಾಲಿಸುವುದಿಲ್ಲ. ನಾನು ಕೊಟ್ಟೂರಿನಿಂದ ಬಂದು ಅಲ್ಲೇ ಉಳಿದೆ. ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ ಮೂಗಿನ ನಳಿಕೆಗೆ ಬಿಡಬೇಕು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ತುರುಬಿನ ಗಂಟು ತಲೆಗೆ ಒತ್ತುತ್ತದೆಂದು ಎರಡು ಜಡೆ ಹಾಕಿ ಭುಜದ ಮೇಲೆ ಬಿಡುತ್ತಿದ್ದೆ, ಶಾಲೆಗೆ ಹೋಗುವಾಗಿನ ಹಾಗೆ.

ಎರಡನೆಯ ವರ್ಷಕ್ಕೆ ಅವಳ ಗಂಡ ವೀರೇಶನಿಗೆ ಇನ್ನೊಂದು ಮದುವೆಯ ಮಾತು ಶುರುವಾಯಿತು. ಅವನ ದೊಡ್ಡಮ್ಮ ಮಂಚದ ಪಕ್ಕದಲ್ಲೇ ಕೂತು, "ಗೊಂಬಿನೂ ಕಣ್ಣು ಬಿಟ್ಟಿರ್ತೈತಲೇ. ನಿನ್ನ ಹುಡುಗ್ರಿಗೆ ಒಬ್ಬಾಕಿ ತಾಯಿ ಬ್ಯಾಡೇನು?" ಅಂದಳು.

"ಅಕಿ ಒಳಗ ಅದಾಳೋ ಇಲ್ಲೋ, ಅಷ್ಟು ಗೊತ್ತಾಗ್ಲಿ ದೊಡ್ಡವ್ವ. ಇದ್ದಾಳ ಅಂದ್ರ ನಾ ಒಲ್ಲೆ" ಅಂದ ವೀರೇಶ.

ಅದನ್ನು ತಿಳಿಯಲಿಕ್ಕೆಂದೇ ಡಾಕ್ಟರಮ್ಮನನ್ನು ಕರೆಸಿದೆವು. ಹರಪನಹಳ್ಳಿ ಕಡೆಯವರು, ಇಂಥ ರೋಗಿಗಳನ್ನೇ ಅಭ್ಯಾಸ ಮಾಡುತ್ತಿದ್ದವರು. ಗಿರಿಜಳ ತಲೆಗೆ ತಂತಿಗಳಿದ್ದ ಟೊಪ್ಪಿಗೆ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದರು. ಕೈ ಆಡದಿದ್ದರೂ, ಆಡಿಸಿದಂತೆ ಮನಸ್ಸಿನಲ್ಲಿ ಅಂದುಕೊಂಡರೆ ಮಿದುಳಿನಲ್ಲಾಗುವ ಬದಲಾವಣೆಯನ್ನು ಯಂತ್ರ ಹಿಡಿಯುತ್ತದಂತೆ. ಪರದೆಯ ಮೇಲೆ ಬಲಗೈಗೊಂದು ಪಟ್ಟಿ, ಎಡಗೈಗೊಂದು. ಹೌದು ಅನ್ನಲಿಕ್ಕೆ ಬಲಗೈ ನೆನೆಯಬೇಕು. ಇಲ್ಲ ಅನ್ನಲಿಕ್ಕೆ ಸುಮ್ಮನಿರಬೇಕು.

ಬಲಗೈ ಮುಚ್ಚಿ ತೆಗೆಯಿರಿ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಪಟ್ಟಿ ಏಳಲಿಲ್ಲ.

"ಸುಮ್ನ ಕೈ ಆಡ್ಸು ಅಂದ್ರ ಅಕಿ ಎಂದಾರ ಆಡ್ಸ್ಯಾಳೇನ್ರಿ?" ಅಂದ ವೀರೇಶ. "ರೊಟ್ಟಿ ಬಡಿ ಅನ್ರಿ. ಅಕಿ ಮುಂಜಾನಿ ರೊಟ್ಟಿ ಬಡಿಯಾಕ ಕುಂತ್ರ ಓಣಿ ಮಂದಿಗೆಲ್ಲ ಎಚ್ಚರಾಕ್ಕಿತ್ತು."

ಡಾಕ್ಟರಮ್ಮ ನಕ್ಕು, ಹಾಗೆಯೇ ಹೇಳಿದರು. ಬಲಗೈಯ ಪಟ್ಟಿ ಎದ್ದಿತು.

ಇನ್ನು ಹೌದು ಅನ್ನಲಿಕ್ಕೆ ರೊಟ್ಟಿ ಬಡಿಯಿರಿ, ಇಲ್ಲ ಅನ್ನಲಿಕ್ಕೆ ಸುಮ್ಮನಿರಿ ಎಂದರು. ನಿನ್ನ ಹೆಸರು ಗಿರಿಜಾ ಅಂದರೆ ಎದ್ದಿತು. ಸುಮಂಗಲಾ ಅಂದರೆ ಏಳಲಿಲ್ಲ. ಒಂದೆರಡು ಉತ್ತರ ತಪ್ಪಿದವು. ಇಷ್ಟಕ್ಕೇ ನಂಬಬೇಡಿ ಎಂದು ಡಾಕ್ಟರಮ್ಮ ಅನ್ನುತ್ತಿರುವಾಗಲೇ ವೀರೇಶ ಮಂಚಕ್ಕೆ ಬಾಗಿ, "ಗಿರಿಜಾ, ನಾ ಕಾಯ್ಲೇನು?" ಅಂದ. ಪಟ್ಟಿ ಎದ್ದಿತು.

ಯಂತ್ರವೇ ತಪ್ಪು ತೋರಿಸುತ್ತಿರಬಹುದೆಂಬ ಅನುಮಾನ ಡಾಕ್ಟರಮ್ಮನಿಗೆ. "ಅಕ್ಕಾರ, ನಿಮ್ ತಲಿಗೆ ಒಂದ್ಸಲ ಹಾಕಿ ನೋಡಾನ. ಸುಮ್ನ ಕುಂದರ್ರಿ, ಕೈ ಸುದ್ದಿ ನೆನಸಬ್ಯಾಡ್ರಿ" ಅಂದರು. ಗಿರಿಜಳ ತಲೆಯಿಂದ ಟೊಪ್ಪಿಗೆ ತೆಗೆದು ನನಗೆ ಹಾಕಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಬಲಗೈಯ ಪಟ್ಟಿ ಏಳುವುದು, ಇಳಿಯುವುದು, ಏಳುವುದು. ನಿಲ್ಲಲೇ ಇಲ್ಲ.

"ರೊಟ್ಟಿ ನೆನಸೋದು ಬಿಡ್ರಿ ಅಕ್ಕಾರ" ಅಂದರು ಡಾಕ್ಟರಮ್ಮ.

"ನಾ ಎಲ್ಲಿ ಬಡಿಯಾಕತ್ತೀನ್ರಿ? ನಾ ಎಡಚಿ."

ಹುಟ್ಟಾ ಎಡಚಿ ನಾನು. ರೊಟ್ಟಿ ಬಡಿಯುವುದೂ ಎಡಗೈಯಲ್ಲೇ. ಎಲ್ಲಿ, ಈಗ ಬೇಕೆಂದೇ ನೆನೆಸಿಕೊಳ್ಳಿ ಎಂದರು ಡಾಕ್ಟರಮ್ಮ. ನೆನೆಸಿಕೊಂಡೆ. ಎಡಗೈಯ ಪಟ್ಟಿಯೂ ಎದ್ದಿತು. ಬಲಗೈಯದು ಅದರ ಪಾಡಿಗೆ ಅದು ನಡೆದೇ ಇತ್ತು. ನೆನೆಯುವುದನ್ನು ಬಿಟ್ಟೆ. ನನ್ನದು ಇಳಿಯಿತು. ಅದು ಇಳಿಯಲಿಲ್ಲ. ಡಾಕ್ಟರಮ್ಮ ತಂತಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಫ್ಯಾನ್ ಆರಿಸಿದರು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರು. ಸದ್ದಿಲ್ಲದ ಆ ಕೋಣೆಯಲ್ಲಿ ಪಟ್ಟಿಯ ಏರಿಳಿತಕ್ಕೆ ಒಂದು ತಾಳವಿದೆ ಅನ್ನಿಸಿತು. ಅದು ನನಗೆ ಗೊತ್ತಿದ್ದ ತಾಳ. ಒಂದೇ ಅಡುಗೆಮನೆಯಲ್ಲಿ ಬೆಳೆದವರು ನಾವು.

ಆಗ ನನಗೆ ಹೊಳೆದದ್ದು ಇಷ್ಟೇ: ರೊಟ್ಟಿ ಬಡಿ ಅಂದೆವು, ವೀರೇಶನಿಗೆ ಹೂಂ ಅಂದ ಮೇಲೆ ನಿಲ್ಲಿಸು ಅಂತ ಅವಳಿಗೆ ಯಾರೂ ಹೇಳಲೇ ಇಲ್ಲ. ಮನೆಗೆ ನಂಟರು ಬಂದ ದಿನವೂ ಅಷ್ಟೇ, ಹಿರಿಯರು ಯಾರಾದರೂ ಸಾಕು ಅನ್ನದೆ ಅವಳು ಒಲೆ ಮುಂದಿನಿಂದ ಏಳುತ್ತಿರಲಿಲ್ಲ. ಟೊಪ್ಪಿಗೆ ಹಾಕಿಕೊಂಡೇ ಮಂಚದ ಕಡೆ ತಿರುಗಿದೆ. "ಸಾಕು ಬಿಡವ್ವ ಗಿರಿಜಾ. ಬುಟ್ಟಿ ತುಂಬೇತಿ, ಏಳು" ಅಂದೆ.

ಪಟ್ಟಿ ಇಳಿಯಿತು.

ವೀರೇಶ, ನನ್ನ ಕಡೆಯೂ ಅಲ್ಲ ಮಂಚದ ಕಡೆಯೂ ಅಲ್ಲ, ನಡುವೆ ನೋಡುತ್ತ, "ಕಾಯ್ಲೇನು?" ಎಂದು ಇನ್ನೊಮ್ಮೆ ಕೇಳಿದ. ಪಟ್ಟಿ ಏಳಲಿಲ್ಲ. ಟೊಪ್ಪಿಗೆಯನ್ನು ಮತ್ತೆ ಗಿರಿಜಳಿಗೆ ಹಾಕಿ ಕೇಳಿದೆವು. ಏಳಲಿಲ್ಲ. ಡಾಕ್ಟರಮ್ಮ ಬೇರೆ ಯಂತ್ರ ತಂದು ಮತ್ತೆ ನೋಡಿದರು. ರೊಟ್ಟಿ ಬಡಿ ಅಂತ ನಾನೇ ಅವಳ ಕಿವಿಯಲ್ಲಿ ಎಷ್ಟು ಸಲ ಹೇಳಿದೆನೋ. ಆ ಪಟ್ಟಿ ಮತ್ತೆ ಏಳಲೇ ಇಲ್ಲ.

ಅದು ಯಂತ್ರದ ದೋಷವೇ ಆಗಿದ್ದರೆ ನನ್ನ ಮಾತಿಗೆ ಯಾಕೆ ನಿಂತಿತು? ಗಿರಿಜಳೇ ಆಗಿದ್ದರೆ ನನ್ನ ತಲೆಯಲ್ಲಿ ಅವಳಿಗೇನು ಕೆಲಸ? ಡಾಕ್ಟರಮ್ಮನನ್ನು ಕೇಳಿದೆ. ಗೊತ್ತಿಲ್ಲ ಅಂದರು, ಹಾಗೆ ಒಪ್ಪಿಕೊಂಡದ್ದಕ್ಕೆ ಅವರ ಮೇಲೆ ನನಗೆ ಗೌರವವಿದೆ.

ವೀರೇಶ ಮದುವೆಯಾಗಿಲ್ಲ. ಯಾರು ಕೇಳಿದರೂ, "ಅಕಿ ಒಮ್ಮೆ ಹೂಂ ಅಂದಾಳ" ಅನ್ನುತ್ತಾನೆ. ಎರಡನೆಯ ಸಲ ಕೇಳಿದ್ದನ್ನು ಅವನು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಅದು ಬೇಡ ಅಂದದ್ದೋ, ಅಕ್ಕ ಸಾಕು ಅಂದಳೆಂದು ಸುಮ್ಮನಾದದ್ದೋ ತಿಳಿದೀತೇನೋ ಎಂದು, ಮಗ್ಗುಲು ಬದಲಿಸುವಾಗ ಆ ಕಣ್ಣುಗಳನ್ನು ನೋಡುತ್ತೇನೆ. ಅವು ನನ್ನನ್ನು ದಾಟಿ ಎಲ್ಲೋ ನೋಡುತ್ತಿರುತ್ತವೆ.