ಅರ್ಧ ಕೈ

ಬೆಳಕು ಹರಿಯುವ ಮೊದಲು ನೀರು ಕಾಯಿಸುವುದು, ಹಿಂದಿನ ದಿನದ ಪಾತ್ರೆ ಉಜ್ಜುವುದು, ಗಂಡನ ಅಂಗಿಗೆ ಇಸ್ತ್ರಿ ಹಾಕುವುದು, ಇಬ್ಬರ ಡಬ್ಬಿ ಕಟ್ಟುವುದು, ಪಾರ್ಶ್ವವಾಯು ಹೊಡೆದು ಎಡಗಾಲು ಸೋತ ಅತ್ತೆಯ ಮೈ ಒರೆಸುವುದು, ಅವರನ್ನು ಹಾಸಿಗೆಯಿಂದ ಎತ್ತಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸುವುದು. ಇಷ್ಟಾದ ಮೇಲೆ ದೊಡ್ಡಕ್ಕ ಬಾಗಿಲೆಳೆದುಕೊಂಡು ಅಭ್ಯಾಸದ ಹಾಲ್‌ಗೆ ಓಡುತ್ತಾಳೆ. ಅಲ್ಲಿ ಇನ್ನಿಬ್ಬರನ್ನು ಎತ್ತಬೇಕು. ಒಂಬತ್ತಕ್ಕೆ ಆಸ್ಪತ್ರೆಯ ಲಾಂಡ್ರಿ, ಅಲ್ಲಿ ಒದ್ದೆ ಚಾದರಗಳು. ಒಟ್ಟಿನಲ್ಲಿ ಎತ್ತುವುದು ಅವಳಿಗೆ ತಪ್ಪಿದ್ದಲ್ಲ.

ಅಕ್ರೋಬ್ಯಾಟಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಹೆಂಗಸರ ಗುಂಪೆಂದರೆ ಮೂವರು: ಕೆಳಗೊಬ್ಬಳು, ನಡುವೆ ಒಬ್ಬಳು, ಮೇಲೊಬ್ಬಳು. ಒಬ್ಬರ ಮೇಲೊಬ್ಬರು ಗೋಪುರದ ಹಾಗೆ ನಿಂತು, ಮೂರು ಸೆಕೆಂಡು ಅಲುಗಬಾರದು. ಕೆಳಗಿನವಳು ದೊಡ್ಡಕ್ಕ. ಇಪ್ಪತ್ತೇಳು ವಯಸ್ಸು, ಬಾಗಿಲಷ್ಟು ಭುಜ. ತುತ್ತತುದಿಯಲ್ಲಿ ಒಂದೇ ಕೈ ಮೇಲೆ ತಲೆಕೆಳಗಾಗಿ ನಿಲ್ಲುವ ಹುಡುಗಿಗೆ ಎಲ್ಲರೂ ಗುಬ್ಬಿ ಅನ್ನುತ್ತಾರೆ. ಚಪ್ಪಾಳೆಯೆಲ್ಲ ಗುಬ್ಬಿಗೆ. ಒಮ್ಮೆ ಪೇಪರಿನಲ್ಲಿ ಫೋಟೋ ಬಂದಾಗ ಅದರ ತಳದಲ್ಲಿ ದೊಡ್ಡಕ್ಕನ ಎರಡು ಅಂಗೈ ಮಾತ್ರ ಇದ್ದವು. ಅತ್ತೆ ಅದನ್ನೇ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರು. "ಬೆರಳು ನೋಡಿದ್ರೇ ಗೊತ್ತಾಗುತ್ತೆ, ನನ್ನ ಸೊಸೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಈಗ ಅಂತರರಾಷ್ಟ್ರೀಯ ಸ್ಪರ್ಧೆಗೆ ಕರೆ ಬಂದಿತ್ತು. ಐದು ದಿನ ಊರು ಬಿಡಬೇಕು. ಅವಳು ಹೋಗದಿದ್ದರೆ ಮೂವರೂ ಇಲ್ಲ, ಕೆಳಗೆ ನಿಲ್ಲಲು ಬೇರೆ ಯಾರೂ ಇರಲಿಲ್ಲ.

"ಐದು ದಿನ ಅಮ್ಮನ್ನ ಯಾರು ಎತ್ತೋದು?" ಎಂದ ಗಂಡ. ಅವನದು ಗಡಿಯಾರ ರಿಪೇರಿ ಅಂಗಡಿ. "ನಂದು ಮುಳ್ಳು, ಸ್ಕ್ರೂ ಹಿಡಿಯೋ ಕೈ ಕಣೇ. ನಿನ್ನ ಹಾಗಲ್ಲ."

"ಊಟಕ್ಕೆ ಕೂತಾಗ ಆ ನಾಜೂಕು ಕೈ ಎಲ್ಲಿ ಹೋಗಿರುತ್ತೋ?" ಎಂದರು ಅತ್ತೆ ಹಾಸಿಗೆಯಿಂದಲೇ.

ವಾರವಿಡೀ ದೊಡ್ಡಕ್ಕ ಅವನಿಗೆ ಕಲಿಸಿದಳು. ಪಾದ ಅಗಲಿಸಿ. ಸೊಂಟ ಬೇಡ, ಮಂಡಿ ಬಗ್ಗಿಸಿ. ಅತ್ತೇನ ಎದೆಗೆ ಹತ್ತಿರ ಹಿಡೀರಿ. ಉಸಿರು ಕಟ್ಟಬೇಡಿ. ಅವನು ಎಲ್ಲ ಸರಿಯಾಗಿಯೇ ಮಾಡುತ್ತಿದ್ದ. ಕೊನೆಯಲ್ಲಿ ಅವನ ತೋಳು ನಡುಗುತ್ತಲೇ ಅವಳ ಕೈ ತಾನಾಗಿ ಅತ್ತೆಯ ಕಂಕುಳಿಗೆ ಹೋಗುತ್ತಿತ್ತು.

ಹೊರಡುವ ದಿನ ಬೆಳಗ್ಗೆಯೂ ಹಾಗೇ ಆಯಿತು. ಅತ್ತೆ ಕುರ್ಚಿ ಸೇರಿದರು. ಗಂಡ ಬೆವರೊರೆಸಿಕೊಂಡ.

"ನೋಡಿದ್ಯಾ? ನೀನಿಲ್ದೆ ಆಗಲ್ಲ. ಫೋನ್ ಮಾಡಿ ಹೇಳ್ಬಿಡು, ಬರಲ್ಲ ಅಂತ."

ಬಾಗಿಲ ಬಳಿ ಬ್ಯಾಗಿತ್ತು. ಬಸ್ಸಿಗೆ ಇನ್ನು ಅರ್ಧ ಗಂಟೆ. ದೊಡ್ಡಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು. ಅವಳಿಗೆ ಕಲಿಸುವ ಕೋಚಮ್ಮ ಹಾಲ್‌ನಲ್ಲಿ ದಿನಾ ಕೂಗುವ ಮಾತೊಂದಿದೆ: "ಹಿಡಿದ್ರೆ ಪೂರ್ತಿ ಹಿಡಿ, ಇಲ್ಲಾಂದ್ರೆ ಕೈ ತೆಗಿ. ಅರ್ಧ ಕೈ ಕೊಡಬೇಡ!" ಹಿಂದೊಮ್ಮೆ ಗುಬ್ಬಿ ಬಿದ್ದಾಗ ಕೆಳಗೆ ದೊಡ್ಡಕ್ಕನದೂ ನಡುವಿನವಳದೂ ಸೇರಿ ನಾಲ್ಕು ಕೈ ಇದ್ದವು. ಇವಳು ಹಿಡಿದಿದ್ದಾಳೆಂದು ಅವಳು, ಅವಳು ಹಿಡಿದಿದ್ದಾಳೆಂದು ಇವಳು, ಇಬ್ಬರೂ ಅರ್ಧ ಕೈ ಕೊಟ್ಟಿದ್ದರು. ಗುಬ್ಬಿಯ ಭುಜದ ಮೂಳೆ ಕೂಡಲು ಎರಡು ತಿಂಗಳು ಬೇಕಾಯಿತು. ಹಾಲ್‌ನಲ್ಲಿ ಆ ತಪ್ಪು ಮತ್ತೆ ಮಾಡದವಳು ಮನೆಯಲ್ಲಿ ವಾರವೆಲ್ಲ ಅದನ್ನೇ ಮಾಡಿದ್ದಳು.

"ಅತ್ತೆ, ಇನ್ನೊಂದು ಸಲ?"

"ನಾನೇನು ಮೂಟೆನಾ?" ಎಂದರು ಅತ್ತೆ. ಆಮೇಲೆ ಸೊಸೆಯ ಮುಖ ನೋಡಿ, "ಬಾರೋ, ಎತ್ತು. ಹೆತ್ತು ಮೂರು ವರ್ಷ ನಿನ್ನನ್ನ ಸೊಂಟದ ಮೇಲೆ ಹೊತ್ತಿದ್ದೀನಿ."

ಅವನು ಅತ್ತೆಯನ್ನು ಮತ್ತೆ ಹಾಸಿಗೆಗೆ ಕೊಂಡೊಯ್ಯಬೇಕಿತ್ತು. ಎತ್ತಿದ. ನಡುದಾರಿಯಲ್ಲಿ ತೋಳು ನಡುಗಿತು. ಅತ್ತೆಯ ಸೋತ ಕಾಲು ನೆಲ ಸವರಿತು.

"ಹಿಡ್ಕೊಳ್ಳೇ!" ಎಂದು ಅವನು ಕೂಗಿದ.

ಅವಳ ಕೈ ಮುಂದೆ ಬಂದೇ ಬಿಟ್ಟಿತ್ತು. ಆದರೆ ಹನ್ನೆರಡು ವರ್ಷ ಭಾರ ಹೊತ್ತವಳ ಕಣ್ಣು ಮೊದಲು ಅವನ ಪಾದಕ್ಕೆ ಹೋಯಿತು. ಪಾದ ಅಗಲಿಸಿಯೇ ನಿಂತಿದ್ದ. ಹಿಮ್ಮಡಿ ನೆಲ ಕಚ್ಚಿತ್ತು. ಅತ್ತೆ ಅವನ ಎದೆಗೆ ಒತ್ತಿಕೊಂಡೇ ಇದ್ದರು. ಬೀಳುವ ನಿಲುವಲ್ಲ ಅದು, ಹೆದರಿದ ನಿಲುವು.

ದೊಡ್ಡಕ್ಕ ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಮಂಡಿ ಬಗ್ಗಿಸ್ರಿ," ಎಂದಳು. "ನಾನು ಹಿಡಿಯಲ್ಲ."